ಕೂಡಿ ಅಭ್ಯಾಸ ಮಾಡುವವರ ಧಾರಾವಾಹಿ

ಬಬಲೇಶ್ವರ, ತಿಕೋಟಾ, ವಿಜಯಪುರ

ಇಂಗ್ಲೆಂಡಿಗೆ ಹೋಗಿ ಬಂದವರು ಅರಮನೆ, ಗಡಿಯಾರದ ಗೋಪುರ, ನದಿಯ ಮೇಲಿನ ಸೇತುವೆ ಇವುಗಳ ಬಗ್ಗೆ ಬರೆಯುತ್ತಾರೆ. ನಾನು ಅವುಗಳಲ್ಲಿ ಒಂದನ್ನೂ ನೋಡಲಿಲ್ಲ. ನಾನು ಹೆಚ್ಚಾಗಿ ನೋಡಿದ್ದು ಒಬ್ಬ ಹೆಣ್ಣುಮಗಳ ಮನೆಯ ಬೈಠಕ್ ಖೋಲಿಯನ್ನು, ಅದರೊಳಗಿನ ಟಿ.ವಿ.ಯನ್ನು, ಅದರಲ್ಲಿ ಪ್ರತಿ ರವಿವಾರ ಸಂಜೆ ಬರುತ್ತಿದ್ದ ಒಂದು ಧಾರಾವಾಹಿಯನ್ನು. ಆ ಧಾರಾವಾಹಿಯಿಂದ ನಮ್ಮ ಸಂಸಾರಕ್ಕೆ ಒಂದು ಸಂಕಟ ಬಂತು. ಶಿವನ ದಯೆ ದೊಡ್ಡದು, ಬಂದ ದಾರಿಯಲ್ಲೇ ಹೋಯಿತು.

ನನ್ನ ತವರು ಬಬಲೇಶ್ವರ, ಕೊಟ್ಟ ಮನೆ ತಿಕೋಟಾ, ಸಂಸಾರ ನಡೆಸಿದ್ದು ವಿಜಯಪುರದಲ್ಲಿ. ನಮ್ಮ ಮನೆಯವರು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ. ಆದಿಲ್‌ಶಾಹಿ ಕಾಲದ ಪರ್ಷಿಯನ್ ಬರಹ ಓದುವುದು ಅವರ ಹುಚ್ಚು. ಯಾರ ಮನೆಯ ಅಟ್ಟದ ಮೇಲೆ ಹಳೆಯ ಕಾಗದವಿದೆ ಎಂದು ಕೇಳಿದರೂ ಸೈಕಲ್ ಹತ್ತಿ ಹೊರಡುತ್ತಿದ್ದ ಗಂಡಸು. ಮನೆಯಲ್ಲಿದ್ದರೂ ಕಾಗದದ ಮೇಲೆಯೇ ಕಣ್ಣು. "ಊಟಕ್ಕ ಬರ್ರಿ" ಎಂದರೆ "ಬಂದೆ" ಎನ್ನುತ್ತಾರೆ. ಆ "ಬಂದೆ" ಬಹಳ ದೂರದಿಂದ ನಡೆದುಕೊಂಡು ಬರುತ್ತದೆ.

ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ನಮ್ಮ ವಿಜಯಪುರದಿಂದಲೇ ಹೋದ ಹಸ್ತಪ್ರತಿಗಳಿವೆಯಂತೆ. ಅವನ್ನು ಓದಲು ಇವರಿಗೆ ಕೆಲವು ತಿಂಗಳ ಮಟ್ಟಿಗೆ ಕರೆ ಬಂತು.

"ನೀನೂ ಬಾ," ಎಂದರು.

ನನಗೆ ಎದೆ ತುಂಬಿ ಬಂತು. "ಖರೇನ?"

"ಹೂಂ ಮತ್ತ. ಅಲ್ಲಿ ಊಟದ್ದು ಭಾಳ ತ್ರಾಸ ಅಂತ."

ತುಂಬಿದ ಎದೆ ಸ್ವಲ್ಪ ಇಳಿಯಿತು. ಆದರೂ ಕರೆದರಲ್ಲ, ಅಷ್ಟಕ್ಕೆ ದೇವರಿಗೆ ಕೈ ಮುಗಿದೆ.

ಹೋಗುವ ಮುಂಚೆ ತಿಕೋಟಾಕ್ಕೆ ಹೋದಾಗ ನೆಗೆಣ್ಣಿ ಶಕುಂತಲಾ, ಅಂದರೆ ನನ್ನ ಮೈದುನನ ಹೆಂಡತಿ, ತಮ್ಮ ತೋಟದ ಒಣದ್ರಾಕ್ಷಿಯನ್ನು ಚೀಲ ತುಂಬಿ ಕೊಟ್ಟಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮೊದಲೇ ಕಟ್ಟಿಟ್ಟಿದ್ದಳು.

"ಯಕ್ಕಾ, ಅಲ್ಲಿ ಮಂದಿ ಸಿಕ್ಕಸಿಕ್ಕವರಿಗೆ ಗಲ್ಲಕ್ಕ ಮುದ್ದ ಕೊಡ್ತಾರಂತ. ನೀ ಹಣಿಗೆ ಇಬತ್ತಿ ದಪ್ಪ ಹಚ್ಚಿಕೊಂಡಿರು. ಯಾರೂ ಹತ್ರ ಬರೂದಿಲ್ಲ."

"ನಿಮ್ಮ ಭಾವನ ಹತ್ರ ಬಂದ್ರ?"

"ಅವರ ಹತ್ರ ಬರಾಕ ಪುಸ್ತಕ ಸರಿಸಬೇಕಲ್ಲ ಬೇ," ಎಂದಳು.

ವಿಮಾನ ಇಳಿದ ಮೇಲೆ

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಚೀಲ ತೆರೆಸಿದ. ಕಡಕ್ ರೊಟ್ಟಿಯನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ಬಡಿದು ಸಪ್ಪಳ ಕೇಳಿದ. ಗೋಡೆಗೆ ತೂಗುಹಾಕುವ ವಸ್ತುವೇ ಎಂದು ಕೇಳಿದನಂತೆ. ನಮ್ಮವರು ಇಂಗ್ಲಿಷಿನಲ್ಲಿ ಜೋಳದ ಇತಿಹಾಸ ಹೇಳಲು ಶುರು ಮಾಡಿದರು. ಹಿಂದೆ ಸಾಲು ಬೆಳೆಯಿತು. ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಕಟುಮ್ ಕಟುಮ್ ಎಂದು ತಿಂದು ತೋರಿಸಿದೆ. ಆ ಪುಣ್ಯಾತ್ಮ ನಕ್ಕು ಚೀಲ ಮುಚ್ಚಿದ. ಪರದೇಶದಲ್ಲಿ ಮೊದಲು ಎದುರಾದ ಮುಖವೇ ನಕ್ಕಿತು ಎಂದು ಅದನ್ನೊಂದು ಶುಭ ಎಂದುಕೊಂಡೆ.

ಜೀನಬಾಯಿಯ ಮನೆ

ನಾವು ಇಳಿದುಕೊಂಡ ಊರು ಯಾರ್ಕ್‌ಶೈರ್ ಸೀಮೆಯಲ್ಲಿ, ಒಂದು ಗುಡ್ಡದ ಮಗ್ಗುಲಿಗೆ ಇತ್ತು. ಮನೆಯೊಡತಿಯ ಹೆಸರು ಜೀನ್. ನಾನು ಜೀನಬಾಯಿ ಎಂದೆ. ಸಾಲಿಯಲ್ಲಿ ಸಂಗೀತ ಕಲಿಸಿ ನಿವೃತ್ತಿಯಾದವಳು, ಒಬ್ಬಳೇ ಇದ್ದಳು. ನಮಗೆ ಮಾಳಿಗೆಯ ಮೇಲಿನ ಖೋಲಿ. ಅಡುಗೆಮನೆ ಇಬ್ಬರಿಗೂ ಕೂಡಿ. ನನ್ನ ಹೆಸರು ಗುಡ್ಡಾಪುರದ ದಾನಮ್ಮದೇವಿಯದು. ಅವಳ ಬಾಯಲ್ಲಿ ಅದು "ಡಾನಾ" ಆಯಿತು. ದೇವಿ ಅದಕ್ಕೆ ಬೇಸರ ಮಾಡಿಕೊಂಡಿರಲಿಕ್ಕಿಲ್ಲ.

ಅಲ್ಲಿಯ ಮಂದಿ ಎಲ್ಲದಕ್ಕೂ ಸಾರಿ ಎನ್ನುತ್ತಾರೆ. ನಾನು ಅವರ ಕಾಲು ತುಳಿದರೂ ಸಾರಿ ಎನ್ನುವವರು ಅವರೇ. ಜೀನಬಾಯಿ ಒಮ್ಮೆ ಕುರ್ಚಿಗೆ ಎಡವಿ ಕುರ್ಚಿಗೇ ಸಾರಿ ಹೇಳಿದಳು. ನಮ್ಮ ಕಡೆ ಕುರ್ಚಿಗೆ ಎರಡು ಮಾತು ಬೈಯುತ್ತೇವೆ, ಮನಸ್ಸು ಹಗುರಾಗುತ್ತದೆ. ಅವರು ಹಗುರಾಗುವುದು ಯಾವಾಗ ಎಂದು ನನಗೆ ಚಿಂತೆಯಾಗಿತ್ತು. ರವಿವಾರ ಸಂಜೆ ಗೊತ್ತಾಯಿತು.

ಮೊದಲನೆಯ ದಿನ ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಅವಳು ಓಡಿ ಬಂದಳು. ಹೊಡೆದಾಟ ನಡೆದಿದೆ ಎಂದುಕೊಂಡಿದ್ದಳಂತೆ. ಹಿಟ್ಟು ಕೈಯಡಿ ದುಂಡಗೆ ತಿರುಗುತ್ತ ಹರಡುವುದನ್ನು ನೋಡಿ ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತಳು. ಅಂದಿನಿಂದ ನಮಗೆ ಗೆಳೆತನ. ನನ್ನ ಇಂಗ್ಲಿಷ್ ಹತ್ತನೇ ಇಯತ್ತೆಯದು, ಅದೂ ಅರ್ಧ ಮರೆತದ್ದು. ಅವಳಿಗೆ ಕನ್ನಡ ಒಂದಕ್ಷರ ಇಲ್ಲ. ಕೈ, ಕಣ್ಣು, ಚಮಚ, ಡಬ್ಬಿ ಎಲ್ಲವನ್ನೂ ಭಾಷೆ ಮಾಡಿಕೊಂಡೆವು.

ಮೊದಲನೆಯ ರವಿವಾರ

ರವಿವಾರ ಬೆಳಿಗ್ಗೆ ಜೀನಬಾಯಿ ಚರ್ಚಿಗೆ ಹೋಗುತ್ತಿದ್ದಳು, ನಾನು ಲಿಂಗಪೂಜೆ ಮುಗಿಸುತ್ತಿದ್ದೆ. ಸಂಜೆ ಇಬ್ಬರೂ ಟಿ.ವಿ. ಮುಂದೆ. ಅವಳಿಗೆ ಒಂದು ಧಾರಾವಾಹಿಯ ಮೇಲೆ ಪ್ರಾಣ. ಅದರಲ್ಲಿ ಒಬ್ಬ ಉದ್ದ ಮುಖದ ಪ್ರೊಫೆಸರ್, ಹಳೆಯ ಪದ್ಯ ಕಲಿಸುವವ. ಇನ್ನೊಬ್ಬಳು ಕೆಂಪು ಮಫ್ಲರಿನ ಪ್ರೊಫೆಸರ್, ನಕ್ಷತ್ರಗಳ ಬಗ್ಗೆ ಕಲಿಸುವವಳು. ಇಬ್ಬರೂ ಯಾವಾಗಲೂ ಒಂದು ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಇರುತ್ತಿದ್ದರು. ಆ ಪ್ರೊಫೆಸರನಿಗೆ ಮನೆಯಲ್ಲಿ ಒಬ್ಬ ಹೆಂಡತಿ, ಅವಳು ಮಾತು ಬಹಳ ಕಡಿಮೆ ಆಡುತ್ತಿದ್ದಳು.

ನಾನು ನಮ್ಮವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿದೆ. "ಇವರಿಬ್ಬರೂ ಏನ್ ಮಾಡಾಕತ್ತಾರ್ರಿ?"

ಇವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. "ಕೂಡಿ ಅಭ್ಯಾಸ ಮಾಡಾಕತ್ತಾರ."

"ಯಾವುದರ ಮ್ಯಾಲ?"

"ಅದು... ನಕ್ಷತ್ರದ ಮ್ಯಾಲ ಬರದ ಹಳೇ ಪದ್ಯದ ಮ್ಯಾಲ."

"ಛಲೋ ವಿಷಯ," ಎಂದೆ.

ಸ್ವಲ್ಪ ಹೊತ್ತಿಗೆ ಅವರಿಬ್ಬರೂ ಅಪ್ಪಿಕೊಂಡರು. ನಾನು ಇವರ ಮುಖ ನೋಡಿದೆ.

"ಏನರ ಹೊಸಾದು ಸಿಕ್ಕಿರಬೇಕು," ಎಂದರು.

ನಂಬುವ ಮಾತೇ ಅದು. ಒಮ್ಮೆ ಅರಕೇರಿಯಲ್ಲಿ ಒಂದು ಹಳೆಯ ಸನದು, ಅಂದರೆ ರಾಜರ ಕಾಲದ ಹಕ್ಕುಪತ್ರ, ಸಿಕ್ಕಾಗ ನಮ್ಮವರು ಕಾಲೇಜಿನ ಪ್ಯೂನನನ್ನು ಅಪ್ಪಿಕೊಂಡು ಕಣ್ಣೀರು ಹಾಕಿದ್ದರು. ಓದಿದವರಿಗೆ ಹೀಗಾಗುತ್ತದೆ ಎಂದು ನನಗೆ ಗೊತ್ತಿತ್ತು.

ನಮ್ಮ ಧಾರಾವಾಹಿಗಳಲ್ಲಾದರೆ ಯಾರಿಗೆ ಯಾರ ಮೇಲೆ ಮನಸ್ಸಿದೆ ಎಂದು ಸಂಗೀತದಿಂದಲೇ ತಿಳಿಯುತ್ತದೆ. ಕೆಟ್ಟವಳು ಬಂದರೆ ಢಂ ಎನ್ನುತ್ತದೆ, ಒಂದೇ ಮುಖವನ್ನು ಮೂರು ಸಲ ತೋರಿಸುತ್ತಾರೆ. ಅಲ್ಲಿ ಢಂ ಇಲ್ಲ, ಏನೂ ಇಲ್ಲ. ಎಲ್ಲರೂ ಕಿಟಕಿಯ ಹೊರಗೆ ನೋಡುತ್ತ ನಿಲ್ಲುತ್ತಾರೆ, ಹೊರಗೆ ಮಳೆ. ನಾನಾದರೂ ಏನು ತಿಳಿಯಲಿ? ಮತ್ತೊಂದು, ನಮ್ಮವರಿಗೆ ಆ ಧಾರಾವಾಹಿ ಶುರುವಾದರೆ ಬಹಳ ನೀರಡಿಕೆ. "ಒಂದ್ ಗ್ಲಾಸ್ ನೀರ ತಾ" ಎನ್ನುವರು. ನಾನು ತರುವಷ್ಟರಲ್ಲಿ ಟಿ.ವಿ.ಯಲ್ಲಿ ಬೆಳಗಾಗಿರುತ್ತಿತ್ತು.

ನೀರಿನ ನೆವದ ನಡುವೆಯೂ ಒಂದನ್ನು ನಾನು ಚೆನ್ನಾಗಿ ನೋಡಿದ್ದೆ, ಅದು ಆ ಹೆಂಡತಿಯನ್ನು. ಅವಳು ದಿನವೂ ಮೇಜಿನ ಮೇಲೆ ಎರಡು ತಾಟು ಇಡುತ್ತಿದ್ದಳು. ಗಂಡ ಫೋನ್ ಮಾಡಿ ತಡವಾಗುತ್ತದೆ ಎನ್ನುತ್ತಿದ್ದ. ಅವಳು ಒಂದು ತಾಟನ್ನು ಇನ್ನೊಂದು ತಾಟಿನಿಂದ ಮುಚ್ಚುತ್ತಿದ್ದಳು. ಅದನ್ನು ಅರಿಯಲು ಇಂಗ್ಲಿಷ್ ಬೇಕಾಗಿರಲಿಲ್ಲ.

ಮೂರನೆಯ ರವಿವಾರ

ಆ ದಿನ ನಮ್ಮವರು ಮೇಲೆ ಕಾಗದ ಹರವಿಕೊಂಡು ಕೂತಿದ್ದರು, ಕೆಳಗೆ ಬರಲಿಲ್ಲ. ನಾನೂ ಜೀನಬಾಯಿಯೂ ಇಬ್ಬರೇ. ಟಿ.ವಿ.ಯಲ್ಲಿ ಆ ಹೆಂಡತಿ ಮುಚ್ಚಿದ ತಾಟಿನ ಮುಂದೆ ಕೂತು ಅಳತೊಡಗಿದಳು. ದನಿ ಇಲ್ಲದ ಅಳು. ನನಗೂ ಕಣ್ಣು ತುಂಬಿದವು. ಜೀನಬಾಯಿ ನನ್ನ ಕಡೆ ನೋಡಿದಳು.

"ಮೈ ಹಸ್ಬೆಂಡ್ ಆಲ್ಸೋ," ಎಂದೆ. "ಸೇಮ್ ಸೇಮ್."

ಅವಳು ಟಿ.ವಿ.ಯ ದನಿ ಪೂರ್ತಿ ಇಳಿಸಿದಳು. "ಡಾಕ್ಟರ್?" ಎಂದು ಮೇಲಿನ ಖೋಲಿಯತ್ತ ಬೆರಳು ಮಾಡಿದಳು. ನಮ್ಮವರನ್ನು ಅವಳು ಹಾಗೇ ಕರೆಯುತ್ತಿದ್ದಳು.

"ಯೆಸ್. ಆಲ್ವೇಸ್ ಪರ್ಷಿಯನ್."

"ಪರ್ಷಿಯನ್?"

"ಬಿಫೋರ್ ಮ್ಯಾರೇಜ್ ಪರ್ಷಿಯನ್. ಆಫ್ಟರ್ ಮ್ಯಾರೇಜ್ ಆಲ್ಸೋ ಪರ್ಷಿಯನ್. ವೆರಿ ಓಲ್ಡ್."

ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. "ವ್ಹೇರ್?"

"ಲೈಬ್ರರಿ. ಹಿಯರ್ ಲೈಬ್ರರಿ. ಸೋ ವಿ ಕಮ್."

"ಆ್ಯಂಡ್ ಯೂ ನೋ?"

"ಐ ನೋ. ಐ ಕುಕ್," ಎಂದೆ. ನಾನು ಹೇಳಬೇಕೆಂದದ್ದು, ಅವರಿಗೆ ಓದು ಬರುತ್ತದೆ, ನನಗೆ ಅಡುಗೆ ಬರುತ್ತದೆ, ಹೀಗೇ ನಡೆದಿದೆ ಎಂದು.

ಜೀನಬಾಯಿ ಎದ್ದು ಬಂದು ನನ್ನನ್ನು ಅಪ್ಪಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದ ಮಾತು, ಹೇಳಿದ್ದು ಅರ್ಧಂಬರ್ಧ ಭಾಷೆಯಲ್ಲಿ, ಆದರೂ ಇವಳಿಗೆ ಪೂರ್ತಿ ತಿಳಿಯಿತಲ್ಲ ಎಂದು ನಾನು ಮನಸ್ಸಿನಲ್ಲೇ ಶಿವನಿಗೆ ಕೈ ಮುಗಿದೆ.

ಮಳೆಯ ದಿನ

ಮರುದಿನದಿಂದ ಆ ಮನೆಯಲ್ಲಿ ಹವೆ ಬದಲಾಯಿತು. ನನ್ನ ಕಿಟಕಿಯಲ್ಲಿ ಹೂವು ಬಂದವು. ಜೀನಬಾಯಿ ಬೆಳಿಗ್ಗೆ ನಮ್ಮವರಿಗೆ ಕೊಡುವ ಚಹಾ ತಣ್ಣಗಾಯಿತು, ಬ್ರೆಡ್ಡು ಸುಟ್ಟು ಕರ್ರಗಾಯಿತು. ಅವರು "ಗುಡ್ ಮಾರ್ನಿಂಗ್" ಎಂದರೆ ಜೀನಬಾಯಿ ತನ್ನ ಬೆಕ್ಕಿನ ಕಡೆ ತಿರುಗಿ ಉತ್ತರ ಕೊಡುತ್ತಿದ್ದಳು.

"ಏನಾತು ಇಕಿಗೆ?" ಎಂದು ಇವರು ಕೇಳಿದರು.

"ಥಂಡಿಗೆ ಮಂದಿ ಹಿಂಗ ಆಗ್ತಾರ ಕಾಣತೈತಿ," ಎಂದೆ.

ವಾರದ ನಡುವೆ ಒಂದು ಸಂಜೆ ಜೋರು ಮಳೆ ಬಂತು. ಹಸ್ತಪ್ರತಿ ವಿಭಾಗವನ್ನು ನೋಡಿಕೊಳ್ಳುವ ಮಹಿನ್ ಎಂಬ ಹೆಣ್ಣುಮಗಳು ಇವರನ್ನು ತನ್ನ ಕಾರಿನಲ್ಲಿ ಬಿಡಲು ಬಂದಳು. ಇರಾನ್ ದೇಶದವಳು, ನಮ್ಮವರು ಓದುವ ಹಸ್ತಪ್ರತಿಗಳ ಪೆಟ್ಟಿಗೆಗಳೆಲ್ಲ ಅವಳ ಕೈಯಲ್ಲೇ. ಒಂದೇ ಕೊಡೆಯಡಿ ಇಬ್ಬರೂ ಅಂಗಳದಲ್ಲಿ ಬರುತ್ತಿದ್ದರು. ಕಿಟಕಿಯಿಂದ ನೋಡಿದ ಜೀನಬಾಯಿ ನನ್ನತ್ತ ತಿರುಗಿದಳು.

"ಪರ್ಷಿಯನ್?" ಎಂದಳು, ದನಿ ಸಣ್ಣದು ಮಾಡಿ.

"ಯೆಸ್ ಯೆಸ್, ಪರ್ಷಿಯನ್," ಎಂದೆ ಸಂತೋಷದಿಂದ. "ವೆರಿ ಗುಡ್ ಲೇಡಿ. ಟೀ ಗಿವ್."

ನಾನು ಚಹಾಕ್ಕೆ ನೀರಿಡಲು ಒಳಗೆ ಹೋದೆ. ಹೊರಗೆ ಬಂದಾಗ ಬಾಗಿಲಲ್ಲಿ ಜೀನಬಾಯಿ ಅಡ್ಡ ನಿಂತಿದ್ದಳು. ಏನು ಹೇಳಿದಳೋ, ಮಹಿನಳ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಕೊಡೆಯನ್ನೂ ಬಿಟ್ಟು ಮಳೆಯಲ್ಲೇ ಕಾರಿಗೆ ನಡೆದಳು.

ಆಮೇಲೆ ಜೀನಬಾಯಿ ನಮ್ಮವರಿಗೆ ಹೇಳಿದ್ದನ್ನು ಅವರು ಮೇಲೆ ಬಂದು ನನಗೆ ಹೇಳಿದರು. ಶನಿವಾರದೊಳಗೆ ಅವರು ಮನೆ ಬಿಡಬೇಕು. ನಾನು ಮಾತ್ರ ಎಷ್ಟು ದಿನ ಬೇಕಾದರೂ ಇರಬಹುದು.

"ಯಾಕಂತ ಕೇಳಿದ್ರೇನು?"

"ಕೇಳಿದ್ನಿ. ಯಾಕಂತ ನಿನಗ ಗೊತ್ತೈತಿ ಅಂದ್ಲು. ನನಗ ಏನ್ ಗೊತ್ತೈತಿ?"

ಮರುದಿನ ಲೈಬ್ರರಿಯಲ್ಲಿ ಮಹಿನ್ ಇವರ ಎದುರಿಗೇ ಬರಲಿಲ್ಲ. ಕೇಳಿದ ಪೆಟ್ಟಿಗೆ ಸಿಗಲಿಲ್ಲ, ನೋಡೋಣ ಎಂದು ಬೇರೆಯವರ ಮೂಲಕ ಹೇಳಿಸಿದಳು. ಇವರು ಹಾಸಿಗೆಯ ತುದಿಯಲ್ಲಿ ಕೂತು ಶೂಸಿನ ದಾರವನ್ನು ಬಿಚ್ಚುವುದು ಕಟ್ಟುವುದು ಮಾಡುತ್ತಿದ್ದರು. ಜೀವನದಲ್ಲಿ ಒಬ್ಬರ ಕಡೆಯಿಂದ ಒಂದು ಮಾತು ಅನ್ನಿಸಿಕೊಂಡವರಲ್ಲ.

"ಊರಿಗೆ ಹೋಗೂಣು," ಎಂದರು. "ಇಲ್ಲಿ ನನ್ನ ಹೆಸರ ಕೆಟ್ಟೈತಿ. ಯಾಕ ಕೆಟ್ಟೈತಿ ಅನ್ನೂದ ನನಗs ತಿಳೀವಲ್ದು."

ಅಷ್ಟು ವರ್ಷ ಕಾದ ಪುಸ್ತಕಗಳನ್ನು ಅರ್ಧಕ್ಕೆ ಬಿಟ್ಟು, ತಲೆಯ ಮೇಲೆ ಒಂದು ಕಳಂಕ ಹೊತ್ತುಕೊಂಡು ಅವರು ವಿಜಯಪುರಕ್ಕೆ ಇಳಿಯುವುದನ್ನು ನೆನೆಸಿಕೊಂಡು ಅವರ ಕಾಲಿನ ಶೂಸನ್ನು ನಾನೇ ತೆಗೆದು ಬದಿಗಿಟ್ಟೆ.

ತಿಕೋಟಾದ ಫೋನು

ಅದೇ ಹೊತ್ತಿಗೆ ಶಕುಂತಲಾ ಫೋನ್ ಮಾಡಿದಳು. ಮನೆ ಬಿಡುವ ಮಾತನ್ನು ಎತ್ತಲು ಬಾಯಿ ಬರಲಿಲ್ಲ. ಬೇರೆ ಏನಾದರೂ ಹೇಳಬೇಕಲ್ಲ ಎಂದು ಆ ಧಾರಾವಾಹಿಯ ಕಥೆ ಹೇಳಿದೆ. ಇಬ್ಬರೂ ಪ್ರೊಫೆಸರರು, ಕೂಡಿ ಅಭ್ಯಾಸ, ಖೋಲಿ, ಅಪ್ಪಿಕೊಂಡದ್ದು, ಹೆಂಡತಿಯ ಅಳು.



"ಯಕ್ಕಾ, ಯಾರ್ ಹೇಳಿದ್ರು ಅಭ್ಯಾಸ ಅಂತ?"

"ನಿಮ್ಮ ಭಾವ."

"ಗಂಡಸು ಹೆಂಗಸು ಬಾಗಲಾ ಹಾಕ್ಕೊಂಡು ಯಾವ ಪರೀಕ್ಷಾಕ್ಕ ಓದ್ತಾರ ಬೇ? ಅವರದು ನಡದೈತಿ."

"ಏನ್ ನಡದೈತಿ?"

"ಅಯ್ಯ ಶಿವನೇ. ನಮ್ಮ ಓಣ್ಯಾಗ ಹಂಗ ಅಭ್ಯಾಸ ಮಾಡಿದವರು ಇಬ್ಬರು ಊರು ಬಿಟ್ಟು ಹೋಗ್ಯಾರ," ಎಂದು ಬಿದ್ದು ಬಿದ್ದು ನಕ್ಕಳು.

ನಾನು ನಗಲಿಲ್ಲ. ನನಗೆ "ಸೇಮ್ ಸೇಮ್" ಎಂದದ್ದು ನೆನಪಾಯಿತು. ಆಮೇಲೆ "ಪರ್ಷಿಯನ್" ಎಂದದ್ದು. ಆಮೇಲೆ "ಐ ಕುಕ್" ಎಂದದ್ದು. ಫೋನನ್ನು ಹಾಗೇ ಹಾಸಿಗೆಯ ಮೇಲೆ ಇಟ್ಟೆ. ಒಳಗಿನಿಂದ ನೆಗೆಣ್ಣಿ ಇನ್ನೂ "ಯಕ್ಕಾ, ಯಕ್ಕಾ" ಎನ್ನುತ್ತಿದ್ದಳು.

ನಮ್ಮವರು ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ರೀ, ಅವರು ಅಭ್ಯಾಸ ಮಾಡೂದಿಲ್ಲಲ್ಲ?"

"ಯಾರು?"

"ಟಿ.ವಿ. ಒಳಗಿನವರು."

ಇವರ ಕಿವಿ ಕೆಂಪಾದವು. "ಹೆಂಗ ಹೇಳಬೇಕಿತ್ತು ನಿನಗ? ಮಗ್ಗಲದಾಗ ಆಕಿ ಬ್ಯಾರೆ ಕುಂತಿದ್ಲು."

ನಾನು ಜೀನಬಾಯಿಗೆ ಏನು ಹೇಳಿದ್ದೆನೆಂದು ಒಂದೊಂದೇ ಮಾತು ಹೇಳಿದೆ. ಹೇಳುತ್ತ ಹೇಳುತ್ತ ಅವರ ಮುಖ ಮೊದಲು ಗಾಬರಿಯಾಯಿತು, ಆಮೇಲೆ ಬಾಯಿ ತೆರೆಯಿತು. "ವೆರಿ ಓಲ್ಡ್ ಅಂದಿ?" ಎಂದರು. "ಅಂದ್ನಿ," ಎಂದೆ. ಇಬ್ಬರಿಗೂ ನಗು ಬಂತು. ಹಾಸಿಗೆಯ ಮೇಲೆ ಕೂತು, ಕೆಳಗೆ ಕೇಳಿಸದ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ನಮ್ಮವರು ಹಾಗೆ ನಕ್ಕದ್ದನ್ನು ನಾನು ಮದುವೆಯ ಹೊಸದರಲ್ಲಿ ನೋಡಿದ್ದೆ.

ನಗು ನಿಂತ ಮೇಲೆ ಅವರು ಕೇಳಿದರು. "ಆದರ ಸೇಮ್ ಸೇಮ್ ಯಾಕ ಅಂದಿ?"

ನಾನು ಸೆರಗು ಸರಿ ಮಾಡಿಕೊಂಡೆ.

"ಹೇಳು ದಾನವ್ವ."

"ಆಕಿ ತಾಟ ಮುಚ್ಚಿ ಕುಂತಿದ್ಲು. ಅದನ್ನ ನೋಡಿ ಅಂದ್ನಿ."

"ಆಕಿ ಗಂಡಂದು ಬ್ಯಾರೆ ಸುದ್ದಿ. ನಾ ಓದಾಕತ್ತಿದ್ನಿ."

"ಖರೆ. ನಿಮ್ಮದು ತಪ್ಪಲ್ಲ. ಆದರ ತಾಟ ಆರೂದು ಎರಡೂ ಮನ್ಯಾಗ ಒಂದs ಥರ ಆರತೈತ್ರಿ."

ಅವರು ಚೀಲದೊಳಗಿನ ಪುಸ್ತಕ ತೆಗೆದು ಮತ್ತೆ ಮೇಜಿನ ಮೇಲೆ ಇಟ್ಟರು. ಇನ್ನೊಂದನ್ನು ತೆಗೆದು ಕೈಯಲ್ಲೇ ಹಿಡಿದುಕೊಂಡು ಕೂತರು.

ಲೈಬ್ರರಿ

ಜೀನಬಾಯಿಗೆ ತಾವೇ ಹೋಗಿ ತಿಳಿಸಿ ಹೇಳುತ್ತೇನೆ ಎಂದು ಇವರು ಹೊರಟರು. ನಾನು ತಡೆದೆ. "ಬ್ಯಾಡ್ರಿ. ಆ ಟಿ.ವಿ.ಯಾಂವನೂ ಭಾಳ ಛಂದ ಇಂಗ್ಲಿಷ್ ಮಾತಾಡ್ತಾನ. ಆಕಿ ನಂಬೂದಿಲ್ಲ." ತಪ್ಪು ನನ್ನ ಬಾಯಿಂದ ಆಗಿತ್ತು, ಮೊದಲು ನೊಂದವಳ ಹತ್ತಿರ ಹೋಗಬೇಕು ಎನ್ನಿಸಿತು. ಮರುದಿನ ಒಣದ್ರಾಕ್ಷಿಯ ಚೀಲವನ್ನೂ ಮಹಿನಳ ಕೊಡೆಯನ್ನೂ ಹಿಡಿದುಕೊಂಡು ಇವರ ಜೊತೆ ಲೈಬ್ರರಿಗೆ ಹೋದೆ.

ನನ್ನ ಗಂಡ ದಿನವೆಲ್ಲ ಕಳೆಯುವ ಜಾಗವನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಸಿದ್ಧೇಶ್ವರ ಗುಡಿಯಲ್ಲಾದರೂ ಗಂಟೆಯ ಸಪ್ಪಳವಿರುತ್ತದೆ, ಅಲ್ಲಿ ಉಸಿರೂ ಕೇಳುವುದಿಲ್ಲ. ಹಸ್ತಪ್ರತಿಯನ್ನು ದಿಂಬಿನ ಮೇಲೆ ಮಲಗಿಸಿರುತ್ತಾರೆ, ಬಾಣಂತಿಯ ಕೂಸಿನ ಹಾಗೆ. ನೋಡಿ ನನಗೆ ಸಿಟ್ಟು ಬರಲಿಲ್ಲ. ಇಷ್ಟು ಜೋಪಾನ ಮಾಡುವ ವಸ್ತುವಿನ ಮೇಲೆ ಗಂಡಸು ಮನಸ್ಸಿಟ್ಟರೆ ಅದೇನು ಕೆಟ್ಟದ್ದಲ್ಲ ಎನ್ನಿಸಿತು.

ಮಹಿನ್ ನನ್ನನ್ನು ಕಂಡು ಎದ್ದು ನಿಂತಳು, ಮುಖ ಬಿಗಿದಿತ್ತು. ನಮ್ಮವರು ತಲೆ ತಗ್ಗಿಸಿ ಎಲ್ಲವನ್ನೂ ಅವಳ ಭಾಷೆಯಲ್ಲೇ ಹೇಳಿದರು. ಕಥೆ ಮುಗಿಯುವವರೆಗೆ ಅವಳು ಮೇಜಿನ ಅಂಚನ್ನೇ ನೋಡುತ್ತಿದ್ದಳು. ನಾನು ಚೀಲ ಬಿಚ್ಚಿ ಒಂದು ಮುಷ್ಟಿ ದ್ರಾಕ್ಷಿ ಅವಳ ಅಂಗೈಯಲ್ಲಿ ಹಾಕಿದೆ.

"ಕಿಶ್‌ಮಿಶ್," ಎಂದಳು ತನ್ನಷ್ಟಕ್ಕೆ.

"ಹೌದವಾ, ಕಿಸ್ಮಿಸ್. ತಿಕೋಟಾದ್ದು," ಎಂದೆ.

ಅವಳು ಕಣ್ಣೆತ್ತಿ ನೋಡಿದಳು. ಆಮೇಲೆ ನಾವಿಬ್ಬರೂ ಹುಡುಗಿಯರ ಹಾಗೆ ಆಟ ಶುರು ಮಾಡಿದೆವು. ನಾನು ಬಾದಾಮಿ ಎಂದೆ, ಅವಳು ಬಾದಾಮ್ ಎಂದಳು. ಚಮಚ ಎಂದೆ, ಅವಳದೂ ಹೆಚ್ಚು ಕಡಿಮೆ ಅದೇ. ಅವಳು ಅನಾರ್ ಎಂದಳು, ಅದು ನಮ್ಮ ಸಂತೆಯ ಮಾತು. ನಾನು ಸವತಿ ಎಂದುಕೊಂಡಿದ್ದ ಪರ್ಷಿಯನ್ ಇಷ್ಟು ವರ್ಷ ನನ್ನ ಅಡುಗೆಮನೆಯ ಡಬ್ಬಿಗಳಲ್ಲೇ ಕೂತಿತ್ತು.

ಅಂದು ಸಂಜೆ ಮಹಿನ್ ತಾನೇ ನಮ್ಮೊಡನೆ ಬಂದಳು. ಬಾಗಿಲು ತೆಗೆದ ಜೀನಬಾಯಿ ಕಲ್ಲಿನ ಹಾಗೆ ನಿಂತಳು. ಮಹಿನ್ ತನ್ನ ಫೋನು ತೆಗೆದು ಒಂದು ಹಸ್ತಪ್ರತಿಯ ಚಿತ್ರ ತೋರಿಸಿದಳು. ಹಳದಿಯಾದ ಹಾಳೆ, ಇರುವೆ ಸಾಲಿನಂಥ ಅಕ್ಷರ. ಇದೇ ಆ ಪರ್ಷಿಯನ್ ಎಂದಳು.

ಜೀನಬಾಯಿ ಚಿತ್ರ ನೋಡಿದಳು, ನಮ್ಮವರನ್ನು ನೋಡಿದಳು, ನನ್ನನ್ನು ನೋಡಿದಳು.

"ವೆರಿ ಓಲ್ಡ್," ಎಂದೆ ನಾನು.

ಅವಳು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಸಿದು ಕೂತಳು. ಸಾರಿ ಎಂದಳು ಮಹಿನಳಿಗೆ, ಸಾರಿ ಎಂದಳು ನಮ್ಮವರಿಗೆ, ಸಾರಿ ಎಂದಳು ನನಗೆ. ಆ ದಿನದ ಸಾರಿಗಳು ಖರೆ ಸಾರಿಗಳು. ಆಮೇಲೆ ನಕ್ಕಳು, ನಗುತ್ತ ಅತ್ತಳು. ಅವಳ ಗಂಡನೂ ಪ್ರೊಫೆಸರನೇ ಆಗಿದ್ದನಂತೆ. ತನ್ನ ಜೊತೆ ಕಲಿಸುತ್ತಿದ್ದವಳನ್ನು ಕಟ್ಟಿಕೊಂಡು ಹೋದನಂತೆ. ನಮ್ಮವರು ಅದನ್ನು ಕನ್ನಡದಲ್ಲಿ ಹೇಳುವಾಗ ಒಂದು ಶಬ್ದವನ್ನೂ ಮರೆಮಾಡಲಿಲ್ಲ. ಹಾಗಿದ್ದರೂ ಅವಳು ರವಿವಾರ ತಪ್ಪದೆ ಆ ಧಾರಾವಾಹಿಯನ್ನೇ ಏಕೆ ನೋಡುತ್ತಾಳೆ ಎಂದು ನಾನು ಅವರಿಂದ ಕೇಳಿಸಿದೆ.

ಆ ಹೆಂಡತಿ ಯಾವಾಗ ಎದ್ದು ಹೊರಗೆ ಹೋಗುತ್ತಾಳೋ ನೋಡಬೇಕು, ಅದಕ್ಕೆ ಎಂದಳಂತೆ.

ನಾಲ್ವರೂ ಕೂತು ಚಹಾ ಕುಡಿದೆವು. ನಮ್ಮವರ ಬ್ರೆಡ್ಡಿಗೆ ಜೀನಬಾಯಿ ತಾನೇ ಬೆಣ್ಣೆ ಸವರಿದಳು. ಅದನ್ನು ನೋಡಿದ ಮೇಲೆ ನನ್ನ ಎದೆಯ ಮೇಲಿನ ಗುಂಡುಕಲ್ಲು ಇಳಿಯಿತು. ಪೆಟ್ಟಿಗೆಯೂ ಮರುದಿನ ಸಿಕ್ಕಿತು.

ಸಮುದ್ರ

ಮುಂದಿನ ಕೆಲವು ರವಿವಾರಗಳಾದ ಮೇಲೆ ಧಾರಾವಾಹಿ ಮುಗಿಯಿತು. ಆ ಹೆಂಡತಿ ಕೋಟು ಹಾಕಿಕೊಂಡು ಹೊರಗೆ ನಡೆದಳು. ಎಲ್ಲಿಗೆ ಎಂದು ತೋರಿಸಲಿಲ್ಲ. ಜೀನಬಾಯಿ ಚಪ್ಪಾಳೆ ತಟ್ಟಿದಳು. ಹಿಂದೆಯೇ ನನ್ನತ್ತ ತಿರುಗಿ, ಸಮುದ್ರ ನೋಡಿದ್ದೀಯಾ ಎಂದು ಕೇಳಿದಳು. ಇಲ್ಲ ಎಂದೆ. ಅವಳ ಅಕ್ಕನ ಮನೆ ಸಮುದ್ರದಂಡೆಯಲ್ಲಿದೆ, ಎರಡು ದಿನ ಹೋಗಿ ಬರೋಣ ಎಂದಳು.

ನಾನು ನಮ್ಮವರ ಮುಖ ನೋಡಿದೆ. ತವರಿಗೆ ಬಿಟ್ಟರೆ ನಾನು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಗುಡ್ಡಾಪುರಕ್ಕೆ ದಾನಮ್ಮನ ಪಾದಯಾತ್ರೆಗೆಂದು ಕನಮಡಿಯ ದಾರಿ ಹಿಡಿದರೂ ಓಣಿಯೇ ಜೊತೆಗಿರುತ್ತಿತ್ತು.

"ನೀವು ಉಣ್ಣೂದು?" ಎಂದೆ.

"ಅಕ್ಕಿ ಅದಾವು. ನೀರ ಐತಿ. ಹೋಗಿ ಬಾ," ಎಂದರು.

ನಾನು ಕೃಷ್ಣಾ ನದಿ ತುಂಬಿ ಹರಿದದ್ದನ್ನು ನೋಡಿದ್ದೇನೆ. ಎಷ್ಟು ತುಂಬಿದರೂ ಅದಕ್ಕೆ ಆಚೆಯ ದಂಡೆ ಇರುತ್ತದೆ. ಇದಕ್ಕೆ ಇರಲಿಲ್ಲ. ನೀರು ಮುಟ್ಟಿದೆ, ಮಂಜುಗಡ್ಡೆ. ತಲೆಗೆ ಚಿಮುಕಿಸಿಕೊಂಡು ಓಂ ನಮಃ ಶಿವಾಯ ಎಂದೆ. ಅಲ್ಲಿಯ ಮಂದಿಯ ರೀತಿ ನೋಡಿ ನನಗೆ ಬಹಳ ಸೋಜಿಗ. ಅಷ್ಟು ದೂರದಿಂದ ಸಮುದ್ರ ನೋಡಲು ಬರುತ್ತಾರೆ, ಬಂದು ಕಾರಿನಿಂದ ಇಳಿಯುವುದಿಲ್ಲ. ಸಾಲಾಗಿ ಕಾರು ನಿಲ್ಲಿಸಿ, ಗಾಜು ಏರಿಸಿ, ಫ್ಲಾಸ್ಕಿನ ಚಹಾ ಕುಡಿಯುತ್ತ ಗಂಡ ಹೆಂಡಿರು ಎದುರಿಗೆ ನೋಡುತ್ತ ಕೂಡುತ್ತಾರೆ. ಮಾತಿಲ್ಲ. ಹೊರಗೆ ಗಾಳಿಯಲ್ಲಿ ಮಕ್ಕಳು ಉಲ್ಲನ್ ಟೋಪಿ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುತ್ತವೆ. ನಾನು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನೀರಿನಲ್ಲಿ ನಿಂತಾಗ ಕಾರಿನೊಳಗಿನ ಒಬ್ಬ ಮುದುಕ ಚಹಾದ ಕಪ್ಪನ್ನು ಎತ್ತಿ ನನಗೆ ನಮಸ್ಕಾರ ಮಾಡಿದ. ನಾನೂ ಮಾಡಿದೆ.

ಮಧ್ಯಾಹ್ನ ನಮ್ಮವರ ಫೋನು ಬಂತು. ಅವರ ಫೋನೆಂದರೆ ನನಗೆ ಗೊತ್ತಲ್ಲ, ಬೇಳೆಯ ಡಬ್ಬಿ ಎಲ್ಲಿ ಎಂದು ಕೇಳಿ ಇಡುವುದು.

"ಅನ್ನ ಮಾಡಿದ್ನಿ," ಎಂದರು. "ತಳಾ ಹತ್ತೇತಿ."

"ಉಂಡ್ರೇನು?"

"ಉಂಡ್ನಿ. ಸಮುದ್ರ ಹೆಂಗೈತಿ?"

"ದೊಡ್ಡದೈತ್ರಿ."

"ಹಂಗಲ್ಲ. ಪೂರಾ ಹೇಳು."

"ಲೈಬ್ರರಿಗೆ ಹೋಗಿಲ್ಲೇನು?"

"ಆಮ್ಯಾಲ ಹೋಗ್ತೇನಿ. ನೀ ಹೇಳು."

ನಾನು ಹೇಳಿದೆ. ಕಾರಿನ ಸಾಲು, ಫ್ಲಾಸ್ಕು, ಟೋಪಿಯ ಮಕ್ಕಳು, ಮುದುಕನ ನಮಸ್ಕಾರ. ಹೇಳುತ್ತ ಹೋದ ಹಾಗೆ ಆ ಕಡೆಯಿಂದ ಒಂದು ಹೂಂ ಸಹ ಬರಲಿಲ್ಲ. ಮತ್ತೆ ಯಾವುದೋ ಕಾಗದದಲ್ಲಿ ಕಣ್ಣು ಹೋಯಿತು ಎಂದುಕೊಂಡೆ.

"ಕೇಳಾಕತ್ತೀರೇನು?"

"ಸಾವಕಾಶ ಹೇಳು," ಎಂದರು. "ಬರಕೊಳ್ಳಾಕತ್ತೇನಿ."

ಜೀನಬಾಯಿ ದೂರದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನನಗಾಗಿ ನಿಂತಿದ್ದಳು. ಸ್ವಲ್ಪ ತಾಳು ಎಂದು ಅವಳಿಗೆ ಕೈ ಮಾಡಿದೆ. ಆಮೇಲೆ ಕಾರಿನೊಳಗೆ ಕೂತು ಚಹಾ ಕುಡಿಯುವವರಿಂದ ಮತ್ತೆ ಶುರು ಮಾಡಿದೆ, ಒಂದೊಂದೇ ಮಾತು, ಅವರ ಕೈಗೆ ಸಿಗುವ ಹಾಗೆ.